ಪೈಪ್ ಹಿಡಿಯದೆ ಕಾರು ತೊಳೆಯುವ ದ್ರಾವಣ: ಕಪ್ಪು ಕಾರಿನ ಮೇಲೆ ಮೂರು ವರ್ಷ ಬಳಸಿದ ಮೇಲೆ

ನನ್ನದು ಕಪ್ಪು ಕಾರು. ಕಪ್ಪು ಪೇಂಟಿನ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದರೂ ಬಿಸಿಲಿಗೆ ಎದ್ದು ಕಾಣುತ್ತದೆ. ನಾನು ಗಾಡಿ ನಿಲ್ಲಿಸುವ ಜಾಗದಲ್ಲಿ ನಲ್ಲಿಯಿಲ್ಲ, ಬಕೆಟ್ ಹೊತ್ತುಕೊಂಡು ಹೋಗಬೇಕು. ಹಾಗಾಗಿ ಕಡಿಮೆ ನೀರಿನ ದಾರಿ ಹುಡುಕುವುದು ಅನಿವಾರ್ಯವಾಯಿತು.

ಇದರಲ್ಲಿ ಎರಡು ಬಗೆ. ಸ್ಪ್ರೇ ಹೊಡೆದು ನೇರವಾಗಿ ಒರೆಸುವ ವಾಟರ್‌ಲೆಸ್ ಒಂದು. ಬಕೆಟ್ ನೀರಿಗೆ ಬೆರೆಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ನೀರು ಹಾಕದೆ ಒಣಗಿಸುವ ರಿನ್ಸ್‌ಲೆಸ್ ಇನ್ನೊಂದು. ನಾನು ಮೊದಲು ಹಿಡಿದದ್ದು ಸ್ಪ್ರೇ ಬಾಟಲಿ. ವಾರದ ಧೂಳು ಕೂತ ಬಾನೆಟ್ ಮೇಲೆ ನಾಲ್ಕು ಸಲ ಹೊಡೆದು, ಒಂದೇ ಬಟ್ಟೆಯಲ್ಲಿ ಸುತ್ತ ಸುತ್ತ ಉಜ್ಜಿ ಮುಗಿಸುತ್ತಿದ್ದೆ. ಎಂಟು ತಿಂಗಳಾದ ಮೇಲೆ ಒಂದು ಸಂಜೆ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ, ಬೆಳಕಿನ ಸುತ್ತ ಜೇಡರ ಬಲೆ ಹೆಣೆದ ಹಾಗೆ ಗೀರುಗಳು. ಹೊಟ್ಟೆ ಉರಿದುಹೋಯಿತು. ಪಾಲಿಶ್ ಮಾಡಿಸಿದೆ, ಗೀರು ಹೋಯಿತು. ಆದರೆ ಪಾಲಿಶ್ ಎಂದರೆ ಬಣ್ಣದ ಮೇಲಿರುವ ಪಾರದರ್ಶಕ ರಕ್ಷಣಾ ಪದರ, ಕ್ಲಿಯರ್ ಕೋಟನ್ನೇ ಸ್ವಲ್ಪ ಸವೆಸುವುದು. ಆ ಪದರ ಇರುವುದೇ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸುಮಾರು ಇಪ್ಪತ್ತರಲ್ಲೊಂದು ಭಾಗ. ಪದೇ ಪದೇ ಮಾಡಿಸುವ ಕೆಲಸವಲ್ಲ ಅದು.

ಆಗಿನಿಂದ ರಿನ್ಸ್‌ಲೆಸ್ ದ್ರಾವಣಕ್ಕೆ ಬಂದೆ. ಧೂಳಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ, ಅವು ಕ್ಲಿಯರ್ ಕೋಟ್‌ಗಿಂತ ಎಷ್ಟೋ ಗಟ್ಟಿ. ದ್ರಾವಣ ಆ ಕಣವನ್ನು ನೆನೆಸಿ, ಜಾರುವಂತೆ ಮಾಡುತ್ತದೆ, ಅಷ್ಟೇ. ಕಣವನ್ನು ಮಾಯ ಮಾಡುವುದಿಲ್ಲ. ಎತ್ತಿಕೊಂಡು ಹೋಗಬೇಕಾದದ್ದು ಬಟ್ಟೆ. ಆದ್ದರಿಂದ ಯಾವ ಬಾಟಲಿ ಕೊಂಡಿರಿ ಎನ್ನುವುದಕ್ಕಿಂತ ಎಷ್ಟು ಬಟ್ಟೆ ಇಟ್ಟುಕೊಂಡಿದ್ದೀರಿ ಎನ್ನುವುದೇ ದೊಡ್ಡ ವಿಷಯ.

ನನ್ನ ಬಾಟಲಿಯ ಅಳತೆ 1:256, ಅಂದರೆ 8 ಲೀಟರ್ ನೀರಿಗೆ ಸುಮಾರು 30 ಮಿ.ಲೀ. ಬಕೆಟ್‌ನಲ್ಲಿ ಎಂಟು ಮೈಕ್ರೋಫೈಬರ್ ಬಟ್ಟೆ ನೆನೆಹಾಕುತ್ತೇನೆ. ಅದೇ ನೀರನ್ನು ಗಿಡಕ್ಕೆ ಔಷಧಿ ಹೊಡೆಯುವಂಥ ಸಣ್ಣ ಪಂಪ್ ಸ್ಪ್ರೇಯರ್‌ಗೂ ತುಂಬಿಸಿಕೊಂಡು, ಒರೆಸುವ ಭಾಗಕ್ಕೆ ಮೊದಲು ಧಾರಾಳವಾಗಿ ಹೊಡೆದು ಒಂದೆರಡು ನಿಮಿಷ ಬಿಡುತ್ತೇನೆ. ಅಷ್ಟರಲ್ಲಿ ಧೂಳು ಸಡಿಲಗೊಂಡು ಬೂದು ಬಣ್ಣದ ಗೆರೆಗಳಾಗಿ ತಾನೇ ಇಳಿಯಲು ಶುರುವಾಗುತ್ತದೆ. ಬಟ್ಟೆಯನ್ನು ಪೂರ್ತಿ ಹಿಂಡುವುದಿಲ್ಲ, ನೀರು ತೊಟ್ಟಿಕ್ಕುತ್ತಿರಬೇಕು. ನಾಲ್ಕು ಮಡಿಕೆ ಮಾಡಿದರೆ ಎಂಟು ಮಗ್ಗುಲು ಸಿಗುತ್ತವೆ. ಒಂದು ಮಗ್ಗುಲಿಗೆ ಒಂದೇ ಎಳೆತ, ನೇರವಾಗಿ, ಕೈ ಒತ್ತದೆ. ಒಂದು ಬಾಗಿಲು ಮುಗಿಸಿ ಬಟ್ಟೆ ಬಿಚ್ಚಿ ನೋಡಿದರೆ ಪ್ರತಿ ಮಗ್ಗುಲಲ್ಲೂ ಮಣ್ಣಿನ ಪಟ್ಟೆ. ಆ ಬಟ್ಟೆ ಮತ್ತೆ ಬಕೆಟ್‌ಗೆ ಹೋಗಕೂಡದು. ನೆಲಕ್ಕೆ ಬಿದ್ದದ್ದನ್ನು ಆ ದಿನ ಮುಟ್ಟುವುದೇ ಇಲ್ಲ.

ಮೇಲಿನಿಂದ ಕೆಳಕ್ಕೆ ಬರಬೇಕು, ಬಾಗಿಲುಗಳ ಕೆಳಭಾಗ ಕೊನೆಗೆ. ಚಕ್ರಕ್ಕೆ ಬೇರೆಯೇ ಬಟ್ಟೆ. ಕೆಲಸ ನೆರಳಿನಲ್ಲೇ ಆಗಬೇಕು, ಬಾನೆಟ್ ಬಿಸಿಯಿದ್ದರೆ ದ್ರಾವಣ ಒಣಗಿ ಕಲೆ ಕೂರುತ್ತದೆ. ಹಕ್ಕಿಯ ಹಿಕ್ಕೆ ಕಂಡರೆ ಉಜ್ಜಬೇಡಿ, ದಯವಿಟ್ಟು. ಒದ್ದೆ ಬಟ್ಟೆಯ ತುಂಡನ್ನು ಅದರ ಮೇಲೆ ಐದು ನಿಮಿಷ ಹೊದಿಸಿಟ್ಟು, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ.

ಕೊರತೆಗಳೂ ಇವೆ. ಕೆಸರು ಮೆತ್ತಿದ ದಿನ ಇದು ನಡೆಯುವುದಿಲ್ಲ. ಗಾಲಿಯ ಹಿಂದೆ, ಬಂಪರ್ ಕೆಳಗೆ ಒಣಗಿದ ಮಣ್ಣಿದ್ದರೆ ನಾನು ಗಾಡಿಯನ್ನು ನೀರಿನ ಸೌಕರ್ಯ ಇರುವ ಕಡೆ ಒಯ್ದು ಮೊದಲು ಮಣ್ಣು ಬಿಡಿಸಿಕೊಂಡು ಬರುತ್ತೇನೆ. ಮುಚ್ಚಳದಲ್ಲಿ ಅಳತೆಯ ಗೆರೆಯೇ ಇಲ್ಲ. ಅಂದಾಜಿನಲ್ಲಿ ಸುರಿದು ಹೆಚ್ಚಾದಾಗ ಗಾಜಿನ ಮೇಲೆ ಮಸುಕು ಉಳಿದು, ರಾತ್ರಿ ಎದುರಿನ ಹೆಡ್‌ಲೈಟ್‌ಗೆ ಕಣ್ಣು ಕುಕ್ಕಿತು. ಈಗ ಕೆಮ್ಮಿನ ಔಷಧಿಯ ಹಳೆಯ ಅಳತೆ ಲೋಟ ಇಟ್ಟುಕೊಂಡಿದ್ದೇನೆ. ಮೇಣದಂತೆ ರಕ್ಷಣೆ ಕೊಡುತ್ತದೆ ಎಂದು ಲೇಬಲ್ ಹೇಳುತ್ತದೆ, ನನಗೆ ಅದು ಒಂದು ವಾರವೂ ನಿಂತದ್ದು ಕಾಣಲಿಲ್ಲ. ಮೇಣ ಬೇರೆಯಾಗಿ ಹಚ್ಚುತ್ತೇನೆ.

ಇನ್ನು ಬಟ್ಟೆ ಒಗೆಯುವ ಕೆಲಸ. ನಿಜವಾದ ಶ್ರಮ ಇಲ್ಲಿದೆ. ಹತ್ತಿ ಬಟ್ಟೆಯ ಜೊತೆ ಹಾಕಿದರೆ ನಾರು ಅಂಟುತ್ತದೆ. ಬಟ್ಟೆ ಮೃದುವಾಗಿಸುವ ಕಂಡಿಷನರ್ ಹಾಕಿದರೆ ಎಳೆಗಳ ಮೇಲೆ ಪದರ ಕೂತು ಧೂಳು ಹಿಡಿಯುವ ಗುಣ ಕಡಿಮೆಯಾಗುತ್ತದೆ. ಬೇರೆಯಾಗಿ, ಬಿಸಿ ಹೆಚ್ಚಿಲ್ಲದ ನೀರಿನಲ್ಲಿ ಒಗೆದು, ಧೂಳು ಬೀಳದ ಕಡೆ ಒಣಗಿಸಿ, ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ.

ಪಾಲಿಶ್ ಆಗಿ ಎರಡು ವರ್ಷ ದಾಟಿತು. ಕಳೆದ ವಾರ ಅದೇ ಟಾರ್ಚ್ ಹಿಡಿದು ಇಡೀ ಗಾಡಿ ನೋಡಿದೆ. ಬಾನೆಟ್ ಮತ್ತು ಟಾಪ್ ಸ್ವಚ್ಛ. ಧೂಳು ಹೆಚ್ಚು ಕೂರುವ ಡಿಕ್ಕಿಯ ಬಾಗಿಲಲ್ಲಿ ಮಾತ್ರ ನಾಲ್ಕೈದು ತೆಳು ಗೆರೆ. ಅಲ್ಲಿಗೆ ಇನ್ನೆರಡು ಬಟ್ಟೆ ಹೆಚ್ಚು ಇಟ್ಟುಕೊಳ್ಳಲು ಶುರು ಮಾಡಿದ್ದೇನೆ. ಎರಡನೇ ಬಾಟಲಿ ಅರ್ಧಕ್ಕೆ ಬಂದಿದೆ, ಮುಗಿದ ಮೇಲೆ ಇದನ್ನೇ ತರಿಸುತ್ತೇನೆ.