ಕಲ್ಪಿಟಿಯದಲ್ಲಿ ಕೈಟ್‌ಬೋರ್ಡಿಂಗ್ ತರಬೇತಿ: ಮೊದಲು ಪಟದಿಂದ ಬಿಡಿಸಿಕೊಳ್ಳುವುದನ್ನು ಕಲಿಸುವ ಶಾಲೆ

ಶ್ರೀಲಂಕಾದ ಕಲ್ಪಿಟಿಯದಲ್ಲಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ನೈಋತ್ಯ ಗಾಳಿ ಬಲವಾಗಿ ಬೀಸುವ ದಿನಗಳಲ್ಲಿ, ಲಗೂನಿನ (ಕಡಲಂಚಿನ ಹಿನ್ನೀರಿನ) ದಡದ ಒಂದು ಶಾಲೆಯಲ್ಲಿ ನಾನು ಕೈಟ್‌ಬೋರ್ಡಿಂಗ್ (ದೊಡ್ಡ ಗಾಳಿಪಟದ ಸೆಳೆತದಿಂದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ) ಕಲಿತೆ. ಮೊದಲ ದಿನ ಬೋರ್ಡನ್ನು ಮುಟ್ಟಗೊಡದ ತರಬೇತುದಾರರು, ಅಪಾಯ ಎದುರಾದಾಗ ಮೊದಲು ಬಾರ್ (ಪಟವನ್ನು ನಿಯಂತ್ರಿಸಲು ಕೈಯಲ್ಲಿ ಹಿಡಿಯುವ ಕೋಲು) ಬಿಡುವುದು, ಅದಕ್ಕೂ ಪಟದ ಸೆಳೆತ ತಗ್ಗದಿದ್ದರೆ ಸೊಂಟದ ಮುಂದಿನ ಕ್ವಿಕ್ ರಿಲೀಸನ್ನು (ಪಟದ ಸೆಳೆತದಿಂದ ತಕ್ಷಣ ಬಿಡಿಸುವ ಕೊಂಡಿಯನ್ನು) ದೂಡುವುದು, ಲೀಶ್ (ಆಗಲೂ ಪಟವನ್ನು ನಮಗೆ ಕಟ್ಟಿಟ್ಟಿರುವ ಹಗ್ಗ) ಕಳಚುವುದನ್ನು ಕಟ್ಟಕಡೆಗೆ ಉಳಿಸಿಕೊಳ್ಳುವುದು, ಈ ಕ್ರಮವನ್ನು ಕಣ್ಣು ಮುಚ್ಚಿಕೊಂಡೂ ಮಾಡುವಷ್ಟು ರೂಢಿ ಮಾಡಿಸಿದರು. ಕೈತಪ್ಪಿದ ಪಟವು 20 ಮೀಟರಿನಷ್ಟು ಉದ್ದದ ದಾರಗಳನ್ನೂ ಬಾರನ್ನೂ ಎಳೆದುಕೊಂಡು ದಡದ ಜನರ ಮೇಲೆ ಹೋಗಬಹುದಾದ್ದರಿಂದ, ಗಾಳಿ ಸಾಗುವ ದಿಕ್ಕಿನಲ್ಲಿ ಯಾರಿದ್ದಾರೆಂದು ನೋಡುವುದನ್ನು ಅವರು ಪ್ರತಿ ಸಲವೂ ನೆನಪಿಸುತ್ತಿದ್ದುದು ನನಗೆ ಬಹಳ ಹಿಡಿಸಿತು. ಕೊರತೆ ಒಂದೇ: ನನಗೆ ಕೊಟ್ಟ ಬಾರಿನ ಕ್ವಿಕ್ ರಿಲೀಸಿನಲ್ಲಿ ಮರಳು ಸಿಕ್ಕಿಕೊಂಡು, ಎರಡನೆಯ ಸಲ ದೂಡಿದಾಗಲೇ ಅದು ಬಿಚ್ಚಿತು. ಸಿಹಿನೀರಿನಲ್ಲಿ ತೊಳೆದ ಮೇಲೆ ಸರಿಹೋಯಿತಾದರೂ, ಕೈಗೆ ಕೊಡುವ ಮುನ್ನವೇ ಅದನ್ನು ಪರೀಕ್ಷಿಸಬೇಕಿತ್ತು.