ಡೀಲರ್ ತರಬೇತಿ ಲೇಸರ್‌ಡಿಸ್ಕ್‌ಗಳಿಗೆ ಡೂಮ್ಸ್‌ಡೇ ಡೂಪ್ಲಿಕೇಟರ್

ಮದುವೆ ಕ್ಯಾಸೆಟ್ಟನ್ನು ಪೆನ್‌ಡ್ರೈವ್‌ಗೆ ಹಾಕಿಸಬೇಕೆನ್ನುವವರಿಗೆ ಇಷ್ಟು ಖಟಪಟಿ ಬೇಡ. ಆದರೆ 1980ರ ದಶಕದಲ್ಲಿ ಅಮೆರಿಕದ ಕಾರು ಕಂಪನಿಗಳು ಡೀಲರ್‌ಗಳಿಗೆ ಕಳಿಸುತ್ತಿದ್ದ ತರಬೇತಿ ಲೇಸರ್‌ಡಿಸ್ಕ್ (ಲೇಸರಿನಿಂದ ಓದುವ ಹಳೆಯ ವಿಡಿಯೊ ತಟ್ಟೆ) ಕೈಗೆ ಸಿಕ್ಕಿದ್ದರೆ, ಅದನ್ನು ಕಂಪ್ಯೂಟರಿಗೆ ಇಳಿಸಲು ಡೂಮ್ಸ್‌ಡೇ ಡೂಪ್ಲಿಕೇಟರ್ ಎಂಬ ಬೋರ್ಡೇ ಸರಿ.

ಸಿಎವಿ ಬಗೆಯ (ಒಂದೇ ವೇಗದಲ್ಲಿ ತಿರುಗುವ, ಸುತ್ತಿಗೊಂದು ಫ್ರೇಮಿನ) ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ಡಿಸ್ಕಿನ ಒಂದು ಬದಿಯಲ್ಲಿ 30 ನಿಮಿಷ, 54,000 ಫ್ರೇಮು, ಪ್ರತಿ ಫ್ರೇಮಿಗೂ ಒಂದು ನಂಬರು. ಒಂದು ವೈರಿಂಗ್ ನಕ್ಷೆ ಒಂದೇ ಫ್ರೇಮಿನಲ್ಲಿ ಕೂತಿರಬಹುದು. ಸಾದಾ ಯುಎಸ್‌ಬಿ ಕ್ಯಾಪ್ಚರ್ ಡಾಂಗಲ್ ಹಾಕಿ ಓಡಿಸಿದರೆ ಅದು ಕಣ್ಣುಮಿಟುಕಿಸುವಷ್ಟರಲ್ಲಿ ಹೋಯಿತು. ಸಿಕ್ಕರೂ ಅಕ್ಷರಗಳು ಕಲಸಿರುತ್ತವೆ, ಫ್ರೇಮ್ ನಂಬರಂತೂ ಉಳಿಯುವುದಿಲ್ಲ. ನಂಬರಿಲ್ಲದ ತರಬೇತಿ ಡಿಸ್ಕ್ ಪುಟಸಂಖ್ಯೆ ಹರಿದ ಮ್ಯಾನ್ಯುಯಲ್ ಇದ್ದಂತೆ.

ಡೂಪ್ಲಿಕೇಟರ್ ಚಿತ್ರವನ್ನು ಹಿಡಿಯುವುದಿಲ್ಲ. ಪ್ಲೇಯರಿನ ಒಳಗಿನ ಆರ್‌ಎಫ್ ಟೆಸ್ಟ್ ಪಾಯಿಂಟಿನಿಂದ (ಲೇಸರ್ ಓದಿದ ಸಿಗ್ನಲ್ ಪರೀಕ್ಷೆಗೆ ಸಿಗುವ ಜಾಗ) ಬರುವ ಕಚ್ಚಾ ಸಿಗ್ನಲ್ಲನ್ನೇ ಸೆಕೆಂಡಿಗೆ 4 ಕೋಟಿ ಸಲ, 10 ಬಿಟ್‌ನಲ್ಲಿ ಅಳೆದು ಬರೆದಿಡುತ್ತದೆ. ಚಿತ್ರ, ಧ್ವನಿ, ನಂಬರು ಎಲ್ಲವನ್ನೂ ಆಮೇಲೆ ಎಲ್‌ಡಿ-ಡಿಕೋಡ್ ತಂತ್ರಾಂಶ ಬಿಡಿಸಿ ಕೊಡುತ್ತದೆ. ಹೀಗೆ ಬರೆದಿಡುವ ಕಚ್ಚಾ ಫೈಲು ಸೆಕೆಂಡಿಗೆ 50 ಎಂಬಿ, ಅಂದರೆ ಒಂದು ಬದಿಗೆ 90 ಜಿಬಿ. ಹಾರ್ಡ್‌ಡಿಸ್ಕ್ ನೆಚ್ಚಬೇಡಿ, ಎಸ್‌ಎಸ್‌ಡಿಯೇ ಬೇಕು. ಬರೆಯುವುದು ತಡವಾದರೆ ನಡುವೆ ಸ್ಯಾಂಪಲ್ ಬಿಟ್ಟುಹೋಗಿ ಆ ಬದಿಯನ್ನು ಮೊದಲಿಂದ ಓಡಿಸಬೇಕಾಗುತ್ತದೆ. ಚಿಕ್ಕಮಗಳೂರಿನ ಮಳೆಗಾಲದ ಕರೆಂಟು ನಂಬಿ ಯುಪಿಎಸ್ ಇಲ್ಲದೆ ಕೂರಬೇಡಿ.

ಜೋಡಣೆ ಸುಲಭವಲ್ಲ. ಡಿಇ0-ನ್ಯಾನೊ ಎಫ್‌ಪಿಜಿಎ ಬೋರ್ಡು (ಬೇಕಾದಂತೆ ಹೊಂದಿಸಬಹುದಾದ ಚಿಪ್ಪಿನದು), ಕಂಪ್ಯೂಟರಿಗೆ ಯುಎಸ್‌ಬಿಯಲ್ಲಿ ಕಳಿಸುವ ಸೈಪ್ರೆಸ್ ಎಫ್‌ಎಕ್ಸ್3 ಕಿಟ್ಟು, ನಡುವೆ ಸಿಗ್ನಲ್ಲನ್ನು ಅಂಕಿಗಳಾಗಿಸುವ ಒಂದು ಎಡಿಸಿ ಬೋರ್ಡು. ಎಡಿಸಿಯ ಸಣ್ಣ ಬೆಸುಗೆಗೆ ಹಾಟ್ ಏರ್ ಇರುವ ಮೊಬೈಲ್ ರಿಪೇರಿಯವರ ಕೈ ಬೇಕು. ಪ್ಲೇಯರಿನಲ್ಲಿ ಟೆಸ್ಟ್ ಪಾಯಿಂಟ್ ಎಲ್ಲಿದೆ ಎಂದು ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ತಂತಿ ಎಳೆಯಿರಿ. ಪಯೋನಿಯರ್ ಪಿಆರ್-7820ಯಂಥ ಹಳೆಯ ಕೈಗಾರಿಕಾ ಪ್ಲೇಯರ್‌ಗಳಲ್ಲಿರುವುದು ಹೀಲಿಯಂ-ನಿಯಾನ್ ಲೇಸರ್ ಕೊಳವೆ. ಅದು ಹೋದರೆ ಬದಲಿ ಸಿಗುವುದು ಕಷ್ಟ. ನಂತರದ ಸೆಮಿಕಂಡಕ್ಟರ್ ಲೇಸರಿನ ಮಾದರಿಯೇ ಮೇಲು.

ಡಿಸ್ಕ್ ಎರಡು ಅಕ್ರಿಲಿಕ್ ಹಾಳೆಗಳ ಅಂಟು. ಅಕ್ರಿಲಿಕ್ ತೇವ ಹೀರಿ ಸೊಟ್ಟಗಾಗುತ್ತದೆ, ಒಳಗಿನ ಅಲ್ಯೂಮಿನಿಯಂ ಪದರ ಕೆಟ್ಟರೆ ಚಿತ್ರದ ತುಂಬ ಬಣ್ಣದ ಚುಕ್ಕೆ. ಆಷಾಢದ ಮಲೆನಾಡಿನಲ್ಲಿ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿಡಿ. ಬಿಸಿಲಿಗೆ ಒಣಹಾಕಬೇಡಿ, ಥಿನ್ನರ್ ಸೋಕಿಸಬೇಡಿ. ಒರೆಸುವುದು ಮಧ್ಯದಿಂದ ಅಂಚಿಗೆ, ಮೆತ್ತನೆಯ ಬಟ್ಟೆಯಲ್ಲಿ.

ಚುಕ್ಕೆ ಬಿದ್ದ ಡಿಸ್ಕನ್ನೂ ಎಸೆಯಬೇಡಿ. ಅದೇ ಡಿಸ್ಕಿನ ಎರಡು ಮೂರು ಪ್ರತಿ ಸಿಕ್ಕರೆ ಒಂದರಲ್ಲಿ ಕಾಣೆಯಾದದ್ದನ್ನು ಇನ್ನೊಂದರಿಂದ ತುಂಬುವ ಸೌಲಭ್ಯ ಎಲ್‌ಡಿ-ಡಿಕೋಡ್ ತಂತ್ರಾಂಶದಲ್ಲೇ ಇದೆ.