ನೀರು ಕುಡೀದೇ ಇರೋ ಕುದುರೆ ಬಾಯಿಗೆ ಎಲೆಕ್ಟ್ರೋಲೈಟ್ ಪೇಸ್ಟ್ ಹಾಕ್ಬೇಡಿ, ನಮ್ಮ ಗೌರಿ ಜೀವ ಹೋಗ್ತಿತ್ತು

ಸ್ವಲ್ಪ ಉದ್ದ ಇದೆ, ಆದ್ರೂ ಕುದುರೆ ಇಟ್ಕೊಂಡಿರೋರು, ಅದ್ರಲ್ಲೂ ದೂರದ ರೈಡಿಗೆ ತಯಾರಿ ಮಾಡ್ತಿರೋರು ದಯವಿಟ್ಟು ಪೂರ್ತಿ ಓದಿ.

ನಮ್ಮನೆ ಶಿರಸಿ ಹತ್ರ. ಗೌರಿ ಒಂಬತ್ತು ವರ್ಷದ ಮಾರ್ವಾಡಿ ಹೆಣ್ಣು ಕುದುರೆ, ಸುಮಾರು 370 ಕೆಜಿ. ಎರಡು ವರ್ಷದಿಂದ ಅದನ್ನ ಎಂಡ್ಯೂರೆನ್ಸಿಗೆ, ಅಂದ್ರೆ ದೂರದ ರೈಡಿಗೆ ಅಂತಾನೇ ತಯಾರಿ ಮಾಡ್ತಾ ಇದ್ದೆ, ಸೊಪ್ಪಿನ ಬೆಟ್ಟದ ದಾರೀಲಿ 25-30 ಕಿಮೀ ಆರಾಮಾಗಿ ಹೋಗಿ ಬರ್ತಿತ್ತು. ಈ ಫೆಬ್ರವರಿ ಕೊನೆಗೆ ನಾವು ನಾಲ್ಕು ಜನ ಸೇರ್ಕೊಂಡು ಗೋಕರ್ಣದ ಹತ್ರ 40 ಕಿಮೀ ಪ್ರಾಕ್ಟೀಸ್ ರೈಡ್ ಇಟ್ಕೊಂಡ್ವಿ, 20 ರ ಎರಡು ಸುತ್ತು. ಹಿಂದಿನ ದಿನ ಸಂಜೆ ದೇವಿಮನೆ ಘಾಟಲ್ಲಿ ಗಾಡೀಲಿ ಇಳಿಸ್ಕೊಂಡು ಹೋದೆ, ಮರುದಿನ ಬೆಳಿಗ್ಗೆ ಆರಕ್ಕೆ ಶುರು. ಇದೇ ಮೊದಲ್ನೇ ತಪ್ಪು. ಘಟ್ಟದ ಮೇಲಿನ ತಂಪಲ್ಲಿ ಬೆಳೆದ ಕುದುರೆಗೆ ಕರಾವಳಿ ಸೆಕೆ ಒಗ್ಗೋಕೆ ಎರಡು ಮೂರು ವಾರ ಬೇಕು, ನಾನು ಕೊಟ್ಟಿದ್ದು ಒಂದು ರಾತ್ರಿ. ಅಲ್ಲಿ ಬೆವರು ಸುರಿಯುತ್ತೆ ಆದ್ರೆ ಆರೋದಿಲ್ಲ, ಬೆವರು ಆರದೇ ಇದ್ರೆ ಮೈ ತಣಿಯಲ್ಲ, ಮೈ ತಣಿಯದೇ ಇದ್ರೆ ಇನ್ನೂ ಬೆವರುತ್ತೆ. ಇಂಥ ಹವೆಯಲ್ಲಿ ಕುದುರೆ ಒಂದು ಗಂಟೆಗೆ 10 ಲೀಟರಿಗಿಂತ ಜಾಸ್ತಿ ಬೆವರಬಹುದು.

ಮೊದಲ್ನೇ ಸುತ್ತು ಸಾಣಿಕಟ್ಟಾ ಉಪ್ಪಿನ ಆಗರದ ಪಕ್ಕ ಹಾದು ಎಂಟೂಕಾಲಿಗೆ ವಾಪಸ್ ಬಂದ್ವಿ. ಹನ್ನೆರಡು ನಿಮಿಷದಲ್ಲಿ ಪಲ್ಸ್ 60ಕ್ಕೆ ಇಳೀತು. ರೈಡಲ್ಲಿ 64 ರ ಒಳಗೆ ಬಂದ್ರೆ ಮುಂದೆ ಹೋಗ್ಬಹುದು ಅಂತ ಲೆಕ್ಕ, ಹಾಗಾಗಿ ನಂಗೆ ಖುಷಿ. ಆದ್ರೆ ಬಕೆಟ್ ಇಟ್ರೆ ಮೂಸಿ ನೋಡಿ ಮುಖ ತಿರುಗಿಸ್ತು. ಅಲ್ಲಿ ಬಾವಿ ನೀರು ಸ್ವಲ್ಪ ಉಪ್ಪುಪ್ಪು, ನಮ್ಮನೆ ಬಾವಿ ನೀರು ಕುಡಿದು ರೂಢಿ ಆದ ಕುದುರೆಗೆ ಅದು ಹಿಡಿಸ್ಲಿಲ್ಲ. ಹೊಟ್ಟೆಗೆ ಕಿವಿ ಕೊಟ್ಟಾಗ ಗುಡುಗುಡು ಸದ್ದೂ ಕಡಿಮೆ ಇತ್ತು. ಎರಡನ್ನೂ ನೋಡಿಯೂ, ಬಾಯಾರಿಕೆ ಇಲ್ಲ ಅಂದ್ಮೇಲೆ ನೀರು ಸಾಕಾಗಿದೆ ಅಂದ್ಕೊಂಡೆ.

ಹಿಂದೆ ರೇಸ್ ಕುದುರೆಗಳ ಹತ್ರ ಕೆಲ್ಸ ಮಾಡಿದ್ದ ಒಬ್ರು ಬೆವರಲ್ಲಿ ಹೋದ ಲವಣ ತುಂಬೋಕೆ ಅಂತ ನಂಗೊಂದು ಎಲೆಕ್ಟ್ರೋಲೈಟ್ ಮಿಕ್ಸ್ ಹೇಳಿಕೊಟ್ಟಿದ್ರು. ಮೆಡಿಕಲ್ ಶಾಪಿನ ಓಆರ್‌ಎಸ್ ನಾಲ್ಕು ಪ್ಯಾಕೆಟ್, ಎರಡು ದೊಡ್ಡ ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡ, ಒಂದು ಲೋಟ ನೀರಲ್ಲಿ ಕಲಸಿ ದೊಡ್ಡ ಸಿರಿಂಜಲ್ಲಿ ಬಾಯಿಗೆ. ಆ ನಾಲ್ಕು ಪ್ಯಾಕೆಟ್ ಕಲಸಬೇಕಾದ್ದು ನಾಲ್ಕು ಲೀಟರ್ ನೀರಲ್ಲಿ. ನಾನು ಅಷ್ಟನ್ನೂ ಒಂದು ಲೋಟದಲ್ಲಿ ಕಲಸಿ ಗೌರಿ ಬಾಯಿಗೆ ಹಾಕಿದೆ. ಕುದುರೆಗೆ ವಾಂತಿ ಮಾಡೋಕೂ ಬರಲ್ಲ, ಒಳಗೆ ಹೋದದ್ದು ಹೋದ ಹಾಗೇ.

ಎರಡನೇ ಸುತ್ತಲ್ಲಿ ಆರು ಕಿಮೀ ಹೋಗೋದ್ರೊಳಗೆ ಗೌರಿ ನಡಿಗೆ ಭಾರ ಆಯ್ತು, ಕಿವಿ ಜೋಲು ಬಿತ್ತು, ಹಸಿ ಹುಲ್ಲು ಮುಂದೆ ಹಿಡಿದ್ರೂ ನೋಡ್ಲಿಲ್ಲ. ಇಳಿದೆ. ಇಳಿದು ನೋಡ್ತೀನಿ, ಪಕ್ಕೆ ಹಿಂದೆ ಹೊಟ್ಟೆ ಹತ್ರ ಟಕ್ ಟಕ್ ಅಂತ ಅದುರ್ತಾ ಇದೆ, ಉಸಿರಿನ ಲಯದಲ್ಲಲ್ಲ, ಎದೆ ಮೇಲೆ ಕೈ ಇಟ್ರೆ ಒಂದೊಂದು ಬಡಿತಕ್ಕೂ ಸರಿಯಾಗಿ ಒಂದೊಂದು ಅದುರು. ಇದಕ್ಕೆ ಥಂಪ್ಸ್ ಅಂತಾರೆ ಅಂತ ಆಮೇಲೆ ಗೊತ್ತಾಯ್ತು. ವಸಡು ಒಣಗಿತ್ತು, ಹೆಬ್ಬೆರಳಲ್ಲಿ ಒತ್ತಿ ಬಿಟ್ರೆ ಎರಡು ಸೆಕೆಂಡಲ್ಲಿ ಬಣ್ಣ ವಾಪಸ್ ಬರ್ಬೇಕು, ನಾಲ್ಕಾದ್ರೂ ಬರ್ಲಿಲ್ಲ. ಅರ್ಧ ಗಂಟೆ ನೆರಳಲ್ಲಿ ನಿಲ್ಸಿದ್ರೂ ಪಲ್ಸ್ 72. ಜೊತೆಗಿದ್ದವರು ಪಕ್ಕದ ಮನೆಯಿಂದ ಕೊಡ ಕೊಡ ನೀರು ತಂದು ಮೈಮೇಲೆ ಹುಯ್ತಾನೇ ಇದ್ರು, ಆ ಮನೆಯವರಿಗೆ ನಾನು ಯಾವತ್ತೂ ಋಣಿ.

ದನದ ಡಾಕ್ಟ್ರು ಬಂದ್ರು. ಪಾಪ ಅವ್ರಿಗೆ ಕುದುರೆ ರೂಢಿ ಇರ್ಲಿಲ್ಲ, ಕುದುರೆ ನೋಡೋ ಇನ್ನೊಬ್ರು ಡಾಕ್ಟ್ರಿಗೆ ಫೋನ್ ಹಚ್ಚಿ ಅವ್ರು ಹೇಳಿದ ಹಾಗೆ ಮಾಡಿದ್ರು. ಬಾಯಿಗೆ ಎಂತದೂ ಹಾಕ್ಬೇಡಿ, ದನಕ್ಕೆ ಗೊಟ್ಟದಲ್ಲಿ ಕುಡಿಸ್ದಂಗೆ ಕುಡಿಸಿದ್ರೆ ಶ್ವಾಸಕೋಶಕ್ಕೆ ಹೋಗುತ್ತೆ ಅಂದ್ರು. ರಕ್ತನಾಳಕ್ಕೆ ಸಲೈನ್, ಜೊತೆಗೆ ಹೃದಯದ ಬಡಿತ ಕೇಳ್ತಾ ಕೇಳ್ತಾ ನಿಧಾನಕ್ಕೆ ಕ್ಯಾಲ್ಸಿಯಂ. ಸಲೈನ್ 20 ಲೀಟರ್ ಬೇಕು ಅಂದ್ರು. ಅರ್ಧ ಲೀಟರ್ ಬಾಟಲಿ ಲೆಕ್ಕದಲ್ಲಿ ಅದು 40 ಬಾಟಲಿ. ಯಾವ ಒಂದು ಅಂಗಡೀಲೂ ಅಷ್ಟಿಲ್ಲ, ಇಬ್ರು ಬೈಕಲ್ಲಿ ಕುಮಟಾ ಅಂಕೋಲಾ ಎರಡೂ ಕಡೆ ಓಡಿದ್ರು, ಆ ಎರಡು ಗಂಟೆ ನಾನು ಹೇಗೆ ಕಳೆದೆ ಅಂತ ಹೇಳೋಕಾಗಲ್ಲ. ಸಂಜೆ ನಾಲ್ಕರ ಹೊತ್ತಿಗೆ ಅದುರು ನಿಂತು ಒಂದು ಸಲ ಉಚ್ಚೆ ಹೊಯ್ತು, ಆಗ ಡಾಕ್ಟ್ರು ಮೊದಲ್ನೇ ಸಲ ಕೂತ್ಕೊಂಡ್ರು.

"ತಮಾ, ನೀರಿಲ್ಲದ ಹೊಟ್ಟೆಗೆ ಅಷ್ಟು ಉಪ್ಪು ಯಾಕೆ ಹಾಕ್ದೆ?" ಅಂದ್ರು. ಆಮೇಲೆ ಬಿಡಿಸಿ ಹೇಳಿದ್ರು. ನಮ್ಮ ಬೆವರಲ್ಲಿ ಉಪ್ಪು ಕಡಿಮೆ, ಬೆವರಿದ ಹಾಗೆ ರಕ್ತದಲ್ಲಿ ಉಪ್ಪಿನ ಅಂಶ ಏರುತ್ತೆ, ಬಾಯಾರುತ್ತೆ. ಕುದುರೆ ಬೆವರು ರಕ್ತದಷ್ಟೇ, ಕೆಲವು ಸಲ ಅದಕ್ಕಿಂತ ಉಪ್ಪು, ಲೀಟರಿಗೆ ಹತ್ತಿರ ಹತ್ತಿರ 10 ಗ್ರಾಂ ಲವಣ ಹೋಗುತ್ತೆ. ನೀರು ಉಪ್ಪು ಎರಡೂ ಒಟ್ಟೊಟ್ಟಿಗೆ ಹೋಗೋದ್ರಿಂದ ಮೈ ಒಣಗಿದ್ರೂ ಮೆದುಳಿಗೆ ಬಾಯಾರಿಕೆ ಗೊತ್ತಾಗಲ್ಲ. ಅಂದ್ರೆ ಗೌರಿ ನೀರು ಬೇಡ ಅಂದಿದ್ದೇ ಅಪಾಯದ ಗುರುತು. ಆ ಹೊತ್ತಲ್ಲಿ ಗಟ್ಟಿ ಉಪ್ಪು ಹೊಟ್ಟೆಗೆ ಬಿದ್ರೆ ಅದು ರಕ್ತದಲ್ಲಿರೋ ನೀರನ್ನೇ ಕರುಳಿಗೆ ಎಳ್ಕೊಳ್ಳುತ್ತೆ. ಹೊಟ್ಟೇಲಿ ಹುಣ್ಣಿದ್ರೆ ಅದೂ ಕೆರಳುತ್ತೆ.

ಸೋಡ ಇನ್ನೂ ಕೆಟ್ಟದು. ಜೋರಾಗಿ ಸ್ವಲ್ಪ ಹೊತ್ತು ಓಡೋ ರೇಸ್ ಕುದುರೆಗೆ ಮೈಯಲ್ಲಿ ಆಮ್ಲ ಏರುತ್ತೆ ಅಂತ ಸೋಡ ಕೊಡೋ ಚಾಳಿ ಅಲ್ಲಿಂದ ಬಂದದ್ದು, ರೇಸಲ್ಲಿ ಅದಕ್ಕೆ ನಿಷೇಧ ಇದೆ. ಗಂಟೆಗಟ್ಲೆ ಬೆವರೋ ಎಂಡ್ಯೂರೆನ್ಸ್ ಕುದುರೇದು ಪೂರ್ತಿ ಉಲ್ಟಾ, ಕ್ಲೋರೈಡ್ ಹೋಗಿ ಹೋಗಿ ರಕ್ತ ಮೊದ್ಲೇ ಕ್ಷಾರದ ಕಡೆ ವಾಲಿರುತ್ತೆ. ಮೇಲಿಂದ ಸೋಡ ಬಿದ್ರೆ ಕ್ಯಾಲ್ಸಿಯಂ ಇನ್ನೂ ಕೆಲ್ಸಕ್ಕೆ ಬಾರದ ಹಾಗಾಗುತ್ತೆ, ಹೃದಯದ ಪಕ್ಕ ಹಾದು ಹೋಗೋ ನರ ಒಂದೊಂದು ಬಡಿತಕ್ಕೂ ಕೆರಳಿ ವಪೆ, ಅಂದ್ರೆ ಎದೆ ಹೊಟ್ಟೆ ನಡುವಿನ ಉಸಿರಾಟದ ಸ್ನಾಯು, ಅದುರುತ್ತೆ.

ಎಲೆಕ್ಟ್ರೋಲೈಟೇ ಬೇಡ ಅಂತ ನಾನು ಹೇಳ್ತಿಲ್ಲ, ಅದು ಬೇಕೇ ಬೇಕು. ಈಗ ರೈಡಿನ ದಿನ ಬೆಳಿಗ್ಗೆಯಿಂದಾನೇ ಗೋಧಿ ಬೂಸಾ ನೀರ್ ನೀರಾಗಿ ಕಲಸಿ ಅದ್ರಲ್ಲಿ ಸ್ವಲ್ಪ ಸ್ವಲ್ಪ ಕೊಡ್ತೀನಿ, ಸೋಡ ಇಲ್ಲದ್ದು, ಚೆನ್ನಾಗಿ ನೀರು ಕುಡಿದ್ರೆ ಮಾತ್ರ ಮುಂದಿನ ಡೋಸ್. ಉಪ್ಪು ಬೆರೆಸಿದ ಬಕೆಟ್ ಇಟ್ರೆ ಪಕ್ಕದಲ್ಲಿ ಸಾದಾ ನೀರಿನ ಬಕೆಟ್ ಇರ್ಲೇಬೇಕು. ಹಿಂದಿನ ವಾರವೇ ಉಪ್ಪು ತುಂಬಿಸಿಡ್ತೀನಿ ಅಂದ್ರೆ ಆಗಲ್ಲ, ಜಾಸ್ತಿ ಆದದ್ದು ಉಚ್ಚೇಲಿ ಹೋಗುತ್ತೆ. ಮನೆ ಬಾವಿ ನೀರು ಕ್ಯಾನಲ್ಲಿ ಒಯ್ತೀನಿ, ಇಲ್ಲಾಂದ್ರೆ ಹದಿನೈದು ದಿನ ಮೊದ್ಲಿಂದ ಚೂರು ಬೆಲ್ಲದ ನೀರು ರೂಢಿ ಮಾಡಿಸಿ, ಆ ರುಚಿ ಇದ್ರೆ ಯಾವ ಊರಿನ ನೀರಾದ್ರೂ ಕುಡಿಯುತ್ತೆ. ಬೇಡ ಅಂದ್ರೆ ರೈಡ್ ಅಲ್ಲಿಗೇ ನಿಲ್ಲಿಸ್ತೀನಿ, ಪಲ್ಸ್ ಎಷ್ಟೇ ಇರ್ಲಿ.

ಗೌರಿ ಈಗ ಹುಷಾರಿದೆ, ಆದ್ರೆ ಸಿರಿಂಜ್ ಕಂಡ್ರೆ ಇವತ್ತಿಗೂ ತಲೆ ಎತ್ತಿ ಹಿಂದೆ ಸರಿಯುತ್ತೆ, ಜಂತುಹುಳದ ಔಷಧಿ ಕೊಡೋಕೂ ಇಬ್ರು ಬೇಕು. ಕಾರವಾರದಿಂದ ಹೊನ್ನಾವರದವರೆಗೆ ಕುದುರೆ ನೋಡಿ ರೂಢಿ ಇರೋ ಡಾಕ್ಟ್ರು ಯಾರಾದ್ರೂ ಇದ್ರೆ ದಯವಿಟ್ಟು ತಿಳಿಸಿ, ಮುಂದಿನ ಸಲ ಕೆಳಗೆ ಇಳಿಯೋ ಮೊದ್ಲೇ ಅವ್ರ ಹತ್ರ ಮಾತಾಡಿ, ಸಲೈನ್ 40 ಬಾಟಲಿ ಗಾಡೀಲಿ ಹಾಕ್ಕೊಂಡೇ ಹೊರಡ್ಬೇಕು ಅಂತಿದ್ದೀನಿ.